ಅಕ್ಕನ ಮಗ್ಗಲದಾಗ ಕುಂದರಾಕ ಬಸ್ಕಿ

ಮೊಳಕಾಲು ಹಿಡದವ್ರ ಮನಿಗೆ ನಗೂ ಪ್ರಸಂಗ ಕರೀದೇನೇ ಬರ್ತಾವ. ನಾ ಸಾಲಿ ನೌಕರಿ ಮುಗಿಸಿ ಕಲಬುರಗಿ ಶಹಾಬಜಾರದ ಮನ್ಯಾಗ ಕುಂತ ಮ್ಯಾಲಂತೂ ಕೇಳಬ್ಯಾಡ್ರಿ, ಒಂದು ಮುಗಿಯೂದ್ರಾಗ ಇನ್ನೊಂದು ತಯಾರ್.

ಕುರ್ಚಿ ಮ್ಯಾಲ ಇಬ್ಬರು

ಕಮಲಾಪುರದಾಗ ನಮ್ಮಕ್ಕನ ಮೊಮ್ಮಗನ ತೊಟ್ಟಲ ಕಾರ್ಯ. ಹೆಣಮಕ್ಕಳೆಲ್ಲ ಜಮಖಾನದ ಮ್ಯಾಲ ಒತ್ತಿ ಒತ್ತಿ ಕುಂತಿದ್ರು. ನನಗ ಪ್ಲಾಸ್ಟಿಕ್ ಕುರ್ಚಿ. ಕೆಳಗ ಅಕ್ಕ ಏನೋ ಪಿಸುಗುಟ್ಟಿದಳು, ಎಲ್ಲಾರೂ ಹೊಟ್ಟಿ ಹಿಡಕೊಂಡು ನಕ್ಕರು.

"ಏನಂದಿ ಅಕ್ಕಾ?" ಅಂತ ಬಗ್ಗಿ ಕೇಳಿದೆ. ಮತ್ತ ಪಿಸುಗುಟ್ಟಿದಳು. ಮತ್ತ ಕೇಳಿಸ್ಲಿಲ್ಲ. ಅಕ್ಕಗ ಸಿಟ್ಟು ಬಂತು.

"ಬೀಗತಿ ನನಗ ಆಯೇರಿ ಮಾಡಿದ ಸೀರಿ ಹೋದ ವರ್ಷ ನಾನೇ ಆಕಿಗೆ ಕೊಟ್ಟಿದ್ದು ಅಂದೆನವ್ವಾ!" ಅಂತ ಚೀರಿದಳು.

ಬೀಗತಿಗೂ ಮೊಳಕಾಲು ನೋವು. ಆಕಿ ಕುಂತಿದ್ದು ನನ್ನ ಮಗ್ಗಲ ಕುರ್ಚಿ ಮ್ಯಾಲೇ.

ಏಳೂದು

ಅವತ್ತು ನಕ್ಕೆ ಖರೆ, ಬಸ್ಸಿನ್ಯಾಗ ಬರಬೇಕಾದ್ರ ಅಳು ಬಂತು. ಅವ್ವ ಹೋದ ಮ್ಯಾಲ ನನ್ನ ಬೆಳಸಿದಾಕಿ ಅಕ್ಕ. ಒಲಿ ಮುಂದ ಆಕಿ ಮಗ್ಗಲದಾಗ ನೆಲಕ್ಕ ಕುಂತು ಬಿಸಿ ರೊಟ್ಟಿ ತಿಂದು ಎಷ್ಟು ವರ್ಷ ಆತು! ಹೆಂಗಾರ ಮಾಡಿ ಅಲ್ಲಿ ಕುಂದರಬೇಕು ಅಂತ ಡಾಕ್ಟರ್ ಹತ್ರ ಹೋದೆ.

"ಮೊಳಕಾಲು ಸವದಾವ್ರೀ. ಆದ್ರ ತೊಡೀಗೆ ಬಲ ಬಂದ್ರ ನಡೀತದ, ಮೆಲ್ಲಕ ಬಸ್ಕಿ ಕಲೀರಿ" ಅಂದ್ರು ಅವ್ರು, ಐವಾನ್-ಎ-ಶಾಹಿ ಕಡಿ ಇರೋ ಫಿಜಿಯೋಥೆರಪಿ ಮೇಡಂ ಹತ್ರ ಕಳಿಸಿದ್ರು.

"ನೆಲಕ್ಕ ಯಾವಾಗ ಕುಂದರ್ತೀನ್ರೀ?" ಅಂತ ನಾ ಬಾಗಲದಾಗೇ ಕೇಳಿದೆ.

"ಈಗೇ ನೆಲದ ಮಾತು ಬ್ಯಾಡ್ರಿ. ಕುರ್ಚಿ ಗ್ವಾಡಿಗೆ ಹಚ್ಚಿ ಇಡ್ರಿ. ಪಾದ ಅಗಲ ಮಾಡಿ, ಸೊಂಟ ಹಿಂದಕ ತಳ್ಳಿ ಮೆಲ್ಲಕ ಕುಂದರ್ರಿ, ಮೆಲ್ಲಕ ಏಳ್ರಿ. ಮೊಳಕಾಲು ಒಳಗ ವಾಲಬಾರದು. ಚುಚ್ಚಿದಂಗ ನೋವಾತಂದ್ರ ಬಿಡ್ರಿ."

"ಇಷ್ಟೇನಾ? ಸರ್ಕಾರಿ ಸಾಲ್ಯಾಗ ಜಲ್ಮೆಲ್ಲಾ ಕುರ್ಚಿ ಮ್ಯಾಲ ಕುಂತೀನ್ರೀ ನಾ!"

"ಕುಂತೀರಿ, ಗೊತ್ತದ. ಕಲೀಬೇಕಾಗಿದ್ದು ಏಳೂದು" ಅಂದ್ರು ಮೇಡಂ.

ಎದುರುಮನಿ ಅಜ್ಜಿಯ ನ್ಯಾಯ

ದಿನಾ ಮುಂಜಾನೆ ಮಾಳಗಿ ಮ್ಯಾಲ ನನ್ನ ಅಭ್ಯಾಸ. ಅವತ್ತು ಹಪ್ಪಳ ಒಣಹಾಕಿದ್ದೆ. ನಮ್ಮನಿಯವ್ರು ಮಂಗ್ಯಾ ಓಡಸಾಕ ಬಡಿಗಿ ಹಿಡಕೊಂಡು ಕುಂತು, "ಇನ್ನೊಂದು! ನೆಟ್ಟಗ ನಿಂದರು!" ಅಂತ ನನಗ ಹುಕುಂ ಕೊಡಾಕತ್ತಿದ್ರು. ಎದುರುಮನಿ ಅಜ್ಜಿ ನೋಡಿದಳು. ತೊಳಿಯೋ ಭಾಂಡಿ ಅಲ್ಲೇ ಬಿಟ್ಟು ನಮ್ಮ ಮೆಟ್ಟಲ ಹತ್ತಿ ಬಂದಳು.

"ಏನ್ರೀ, ಈ ವಯಸ್ಸಿನ್ಯಾಗ ಹೆಂಡತಿ ಕೈಲೆ ಬಸ್ಕಿ ಹೊಡಸ್ತೀರಲ್ಲ, ನಾಚ್ಕಿ ಬರಂಗಿಲ್ಲೇನು? ಅಂಥಾದ್ದೇನು ತಪ್ಪು ಮಾಡ್ಯಾಳ?"

ನಮ್ಮನಿಯವ್ರು ಗಾಬರಿಯಾಗಿ, "ಡಾಕ್ಟರೇ ಹೇಳ್ಯಾರ್ರೀ!" ಅಂದ್ರು.

"ಡಾಕ್ಟರ್ ಮುಂದೂ ಚಾಡಿ ಹೇಳಿ ಬಂದೀರೇನು!" ಅಂದಳು ಅಜ್ಜಿ.

ಕಮಲಾಪುರದ ನೆಲ

ಕುರ್ಚಿ ಆತು, ಆಮ್ಯಾಲ ತಗ್ಗಿನ ಸ್ಟೂಲ್ ಆತು. ತಿಂಗಳುಗಟ್ಟಲೆ ತಾಳಿಕೊಂಡ ಮ್ಯಾಲ ಮೇಡಂ ಒಪ್ಪಿದ್ರು: "ಈಗ ದಪ್ಪನ ದಿಂಬು ಹಾಕ್ಕೊಂಡು ನೆಲಕ್ಕ ಕುಂದರ್ರಿ. ಹಿಡಕೊಳ್ಳಾಕ ಮಗ್ಗಲದಾಗ ಗಟ್ಟಿ ಕುರ್ಚಿ ಇರ್ಲಿ."

ಮರುದಿನಾನೇ ನಮ್ಮನಿಯವ್ರ ಜೋಡಿ ಕಮಲಾಪುರ. ಅಕ್ಕ ಒಲಿ ಮುಂದ ರೊಟ್ಟಿ ಬಡ್ಯಾಕತ್ತಿದ್ದಳು. ನಾ ಕುರ್ಚಿ ಹಿಡಕೊಂಡು ಮೆಲ್ಲಕ, ಮೆಲ್ಲಕ ಇಳದು ಆಕಿ ಮಗ್ಗಲದಾಗ ಕುಂತೆ. ಅಕ್ಕ ಹಿಟ್ಟಿನ ಕೈ ನನ್ನ ಮೊಳಕಾಲ ಮ್ಯಾಲ ಇಟ್ಟಳು. "ಎಷ್ಟು ದಿನ ಆತಲ್ಲೇ ನೀ ಹಿಂಗ ಹತ್ರ ಬಂದು" ಅಂದಳು. ಇಬ್ಬರ ಕಣ್ಣಾಗೂ ನೀರು. ಹೊಗಿ ಅಂತ ಇಬ್ಬರೂ ಸುಳ್ಳು ಹೇಳಿದ್ವಿ.

ಉಂಡು, ಮಾತಾಡಿ, ಅವ್ವನ ನೆನಸಿ, ಬೀಗತಿನ್ನ ಆಡಿಕೊಂಡು ಸಂಜಿ ಆತು. ಹೊರಗಿಂದ ನಮ್ಮನಿಯವ್ರು ಕೂಗಿದ್ರು, "ಏಳು, ಕಲಬುರಗಿ ಬಸ್ಸು ಬಂತು!"

ನನಗ ಏಳಾಕ ಮನಸೇ ಬರಲಿಲ್ಲ. "ಮೊಳಕಾಲು ಹಿಡದಾವ್ರೀ, ಏಳಾಕ ಬರವಲ್ದು" ಅಂದೆ.

"ಅಯ್ಯ, ಎತ್ತಬೇಕೇನು?"

"ಮುಟ್ಟಬ್ಯಾಡ್ರಿ, ಬೆಳಗಾದ್ರ ತಾವೇ ಸರಿ ಆಗ್ತಾವ."

ಬಸ್ಸು ಹೋತು. ಅಕ್ಕ ಕಿವಿ ಹತ್ರ ಬಂದು, "ಖರೇನ ಹಿಡದಾವೇನ?" ಅಂದಳು.

"ಇಲ್ಲಕ್ಕ. ಸುಳ್ಳ."

ಅಕ್ಕ ನನ್ನ ಕೈ ಗಟ್ಟಿ ಹಿಡದು, ಬಾಗಲ ಕಡಿ ಮಾರಿ ತಿರುವಿ ಚೀರಿದಳು: "ನನ್ನ ಮೊಳಕಾಲೂ ಈಗೇ ಹಿಡದ್ವು ನೋಡ್ರೀ! ರಾತ್ರಿ ರೊಟ್ಟಿ ನೀವೇ ಬಡೀಬೇಕು!"