ಸಾರಜನಕದ ಕಳ್ಳ

"ಈ ಗಿಡ ಸತ್ತರೆ ನನ್ನ ಹೆಸರು ಓಟಕರ್ ಅಲ್ಲ!"

ಏಪ್ರಿಲ್ ತಿಂಗಳ ಒಂದು ಭಾನುವಾರ, ಹುರಿದ ಬಾತುಕೋಳಿ, ಹುಳಿ ಎಲೆಕೋಸು ಮತ್ತು ಹಬೆಯಾಡುವ ಕಡುಬಿನ ಮುಂದೆ ಕುಳಿತು, ಫೋರ್ಕನ್ನು ರಾಜದಂಡದಂತೆ ಮೇಲೆತ್ತಿ ಓಟಕರ್ ಕ್ರೌಟಿಲ್ ಹೀಗೆ ಘೋಷಿಸಿದ.

"ಹೊಸ ಹೆಸರು ಏನಿಟ್ಕೊಳ್ತೀಯ ಅಂತ ಈಗಲೇ ಹೇಳಿಬಿಡು. ಬಾಗಿಲ ಮೇಲಿನ ಹಲಗೆ ಬದಲಾಯಿಸಬೇಕಲ್ಲ" ಎಂದಳು ಅವನ ಹೆಂಡತಿ ಲಿಬುಶೆ.

ಓಟಕರ್ ಈ ಮಾತನ್ನು ಕಡುಬಿನ ಜೊತೆ ನುಂಗಿಕೊಂಡ. ಓಲೊಮೊಟ್ಸ್ ಊರಿನ ಕುಡಿಯುವ ನೀರನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಅವನು ಇಡೀ ಜೀವಮಾನ ಕೆಲಸ ಮಾಡಿದ್ದ. ಅವನ ಸಹಿ ಬೀಳದೆ ಊರಿನ ಯಾವ ಗಂಟಲಿಗೂ ನೀರಿಳಿಯುತ್ತಿರಲಿಲ್ಲ ಎಂಬುದು ಅವನ ನಂಬಿಕೆ. ನಿವೃತ್ತನಾದ ಮೇಲೆ ಅಳೆಯಲು ಬೇರೇನೂ ಸಿಗದೆ ಮನೆಯ ಸೂಪಿನ ಉಪ್ಪನ್ನು ಅಳೆಯತೊಡಗಿದ್ದ. ಹಾಗಾಗಿ ಮನೆಗೊಂದು ಗಿಡ ಬಂದದ್ದು ಲಿಬುಶೆಗೆ ಒಳಗೊಳಗೇ ಸಮಾಧಾನ ತಂದಿತ್ತು.

ಗಿಡ ಗಾಂಜಾದ್ದು. ಹುಬ್ಬೇರಿಸಬೇಡಿ! ಆ ಸೀಮೆಯ ಅಜ್ಜಿಯರಿಗೆ ಗಾಂಜಾ ಎಂದರೆ ಹಂದಿಯ ಕೊಬ್ಬಿನಲ್ಲಿ ಕಾಯಿಸಿ, ಬಟ್ಟೆಯಲ್ಲಿ ಸೋಸಿ, ಮಂಡಿಗೆ ತಿಕ್ಕಿಕೊಳ್ಳುವ ಮುಲಾಮು. ಇವರ ಜೊತೆಯಲ್ಲೇ ಇದ್ದ ಲಿಬುಶೆಯ ತಾಯಿ, ಅಂದರೆ ಓಟಕರನ ಅತ್ತೆ, ಬ್ಲಾಝೆನಾ ಅವರ ಮಂಡಿಗಳು ಈ ಮುಲಾಮಿನ ಬಲದ ಮೇಲೇ ಇಷ್ಟು ಕಾಲ ನಿಂತಿದ್ದವು. ಅದನ್ನು ಕಾಯಿಸಿ ಕೊಡುತ್ತಿದ್ದ, ಹಳ್ಳಿಯಲ್ಲಿದ್ದ ಅವರ ತಂಗಿ ತೀರಿಕೊಂಡ ಮೇಲೆ ಡಬ್ಬಿ ಬರಿದಾಯಿತು, ಮಂಡಿ ಬಿಗಿಯಿತು. ಹೋದ ವರ್ಷ ಅಣಬೆ ಕಾಲದಲ್ಲಿ ಎಲ್ಲರೂ ಬುಟ್ಟಿ ಹಿಡಿದು ಕಾಡಿಗೆ ನುಗ್ಗಿದರೆ, ಅತ್ತೆ ಕಾಲ ಮೇಲೆ ಕಂಬಳಿ ಹೊದ್ದು ಕಾರಿನಲ್ಲೇ ಕುಳಿತಿದ್ದರು. ಅಣಬೆ ಕಾಲದಲ್ಲಿ ಕಾರು ಕಾಯುವುದೆಂದರೆ ಮದುವೆಗೆ ಹೋಗಿ ಚಪ್ಪಲಿ ಕಾದಂತೆ! ಅದು ಓಟಕರನಿಗೆ ಮರೆತಿರಲಿಲ್ಲ.

ಮನೆಯಲ್ಲಿ ಮೂರು ಗಿಡದವರೆಗೆ ಬೆಳೆಸಿಕೊಳ್ಳಿ ಎಂದು ಕಾನೂನೇ ಒಪ್ಪಿದ ಮೇಲೆ ಅವನು ಒಂದು ಬೀಜ ಮೊಳೆಸಿದ. ಅಡುಗೆಮನೆಯ ಪಕ್ಕದ ಉಗ್ರಾಣದಲ್ಲಿ ದೀಪ ಕಟ್ಟಿದ, ಪುಟ್ಟ ಫ್ಯಾನ್ ತೂಗುಹಾಕಿದ. ಅಲ್ಲಿದ್ದ ಲಿಬುಶೆಯ ಸೌತೆಕಾಯಿ ಉಪ್ಪಿನಕಾಯಿಯ ಭರಣಿಗಳೆಲ್ಲ ಮಂಚದ ಕೆಳಗೆ ವಲಸೆ ಹೋದವು. ಆಮೇಲೆ ಶಾಸನ ಹೊರಟಿತು.

"ನನ್ನನ್ನು ಬಿಟ್ಟು ಯಾರೂ ಇದನ್ನು ಮುಟ್ಟಬಾರದು. ಗಿಡಗಳು ಸಾಯೋದು ರೋಗದಿಂದಲ್ಲ, ಪ್ರೀತಿಯಿಂದ. ಬಂದವರೆಲ್ಲ ಒಂದೊಂದು ಲೋಟ ಪ್ರೀತಿ ಸುರಿದು ಹೋಗ್ತಾರೆ!"

"ನಾನ್ಯಾಕಪ್ಪಾ ಮುಟ್ಟಲಿ?" ಎಂದರು ಅತ್ತೆ, ಬಾತುಕೋಳಿಯ ಕಾಲು ಮುರಿಯುತ್ತ.

ಗಿಡ ಚಿಗುರಿತು. ಐದು ಬೆರಳಿನ ಅಂಗೈ ಬಿಡಿಸಿ, ಆಮೇಲೆ ಏಳು ಬೆರಳು ಬಿಡಿಸಿತು. ಓಟಕರ್ ಮೀಸೆ ತಿರುವಿಕೊಂಡ. ಅಷ್ಟರಲ್ಲಿ ಒಂದು ಬೆಳಿಗ್ಗೆ ಬುಡದ ಎಲೆ ಹಳದಿಯಾಗಿತ್ತು.

ನಿಜ ಹೇಳಬೇಕೆಂದರೆ ಅವನಿಗೆ ಮೊದಲು ಸಂತೋಷವೇ ಆಯಿತು. ಸಮಸ್ಯೆಯಿಲ್ಲದ ಗಿಡದಲ್ಲಿ ವಿಜ್ಞಾನಿಗೇನು ಕೆಲಸ? ಭೂತಗನ್ನಡಿ ಹಿಡಿದು ಕುಳಿತ. ಹಳದಿ ಬಂದದ್ದು ಕೆಳಗಿನ ಹಳೆಯ ಎಲೆಗಳಿಗೆ. ತುದಿಯ ಚಿಗುರು ಹಸಿರಾಗಿಯೇ ಇತ್ತು. ಹಾಗಿದ್ದರೆ ಸಾರಜನಕ ಸಾಲದು. ಹೊಟ್ಟೆಗಿಲ್ಲದಾಗ ಗಿಡ ತನ್ನ ಹಳೆಯ ಎಲೆಯಿಂದ ಸಾರಜನಕವನ್ನು ಹೀರಿ ಹೊಸ ಎಲೆಗೆ ಕೊಡುತ್ತದೆ. ಬಡತನದ ಮನೆಯಲ್ಲಿ ಅಜ್ಜಿ ತನ್ನ ತಟ್ಟೆಯದನ್ನು ಮೊಮ್ಮಗುವಿಗೆ ದಾಟಿಸುವ ಹಾಗೆ. ಓಟಕರ್ ಲೆಕ್ಕ ಹಾಕಿ ದ್ರವಗೊಬ್ಬರ ಕೊಟ್ಟು, ಹಸಿರು ಮರಳುವುದನ್ನು ಕಾದ.

ಮರಳಲಿಲ್ಲ. ಇನ್ನೆರಡು ಎಲೆ ಹಳದಿಯಾದವು. ಮತ್ತೆ ಗೊಬ್ಬರ ಕೊಟ್ಟ, ಹಳದಿ ಮತ್ತೊಂದು ಮೆಟ್ಟಿಲು ಹತ್ತಿತು. ಚಿಟಿಕೆ ಮಣ್ಣು ತೆಗೆದು ಪರೀಕ್ಷಿಸಿದರೆ ಅದರಲ್ಲಿ ಸಾರಜನಕದ ಸುಳಿವೇ ಇಲ್ಲ! ಕೊಟ್ಟದ್ದೆಲ್ಲ ಹೋಯಿತೆಲ್ಲಿಗೆ?

ಆಮೇಲೆ ಕುಂಡವನ್ನು ಅಡುಗೆಮನೆಯ ತಕ್ಕಡಿಯ ಮೇಲಿಟ್ಟು ಎರಡೆರಡು ಸಲ ತೂಗಿದ. ಹಿಂದಿನ ದಿನ ತೂಗಿಟ್ಟ ಮೇಲೆ ಅವನು ಒಂದು ಹನಿಯೂ ಹಾಕಿರಲಿಲ್ಲ. ನೀರು ಆರಿ ಕುಂಡ ಹಗುರಾಗಬೇಕಿತ್ತು. ಅದು ಭಾರವಾಗಿತ್ತು!

ಇಲ್ಲದ್ದು ಹುಟ್ಟುವುದಿಲ್ಲ, ಇದ್ದದ್ದು ಮಾಯವಾಗುವುದಿಲ್ಲ ಎಂಬುದು ರಸಾಯನಶಾಸ್ತ್ರದ ಮೊದಲ ಪಾಠ. ಇವನ ಉಗ್ರಾಣದಲ್ಲಿ ನೀರು ಹುಟ್ಟುತ್ತಿತ್ತು, ಸಾರಜನಕ ಮಾಯವಾಗುತ್ತಿತ್ತು. ಪ್ರಕೃತಿ ನಿಯಮ ಮುರಿಯುವುದಿಲ್ಲ. ಮುರಿಯುವವರು ಮನೆಯವರು!

"ಲೀಬಾ" ಎಂದ ಓಟಕರ್, ತನಿಖಾಧಿಕಾರಿಯ ದನಿಯಲ್ಲಿ. "ಉಗ್ರಾಣಕ್ಕೆ ಹೋಗಿದ್ಯಾ?"

"ಹೋಗಿದ್ದೆ. ಇಪ್ಪತ್ತು ವರ್ಷದಿಂದ ಹೋಗ್ತಿದ್ದೀನಿ. ಅದು ಉಗ್ರಾಣ."

"ಗಿಡಕ್ಕೆ ನೀರು ಹಾಕಿದ್ಯಾ?"

"ಆ ದೀಪದ ಕರೆಂಟ್ ಬಿಲ್ಲು ನೋಡಿದ ಮೇಲೆ ಅದರ ಮೇಲೆ ಕಣ್ಣೀರು ಹಾಕಿದ್ದೀನಿ. ಅದೂ ಲೆಕ್ಕಕ್ಕೆ ಬರುತ್ತಾ?"

"ತಮಾಷೆ ಬೇಡ. ಉಪ್ಪಿನಕಾಯಿ ಭರಣಿ ಮಂಚದ ಕೆಳಗೆ ಹೋಯ್ತು ಅನ್ನೋ ಸಿಟ್ಟು ನಿನಗಿದೆ. ಕಾರಣ ಇದೆ, ಅವಕಾಶವೂ ಇದೆ."

"ಕಡುಬಿನ ಹಿಟ್ಟು ತೂಗೋ ತಕ್ಕಡಿ ಮೇಲೆ ಮಣ್ಣಿನ ಕುಂಡ ಇಡ್ತೀಯಲ್ಲ, ನಿನ್ನನ್ನು ಕೊಲ್ಲೋಕೂ ನನಗೆ ಕಾರಣ ಇದೆ, ಅವಕಾಶವೂ ಇದೆ. ಆದ್ರೂ ಬದುಕಿದ್ದೀಯ. ಯೋಚನೆ ಮಾಡು!"

ಓಟಕರ್ ಯೋಚನೆ ಮಾಡಿದ. ಅತ್ತೆಯನ್ನು ಮಾತ್ರ ಅವನು ಅನುಮಾನಿಸಲಿಲ್ಲ. ಗಿಡ ಬದುಕಬೇಕಾದದ್ದೇ ಅವರ ಮಂಡಿಗಾಗಿ. ಮದ್ದಿನ ಮರವನ್ನು ರೋಗಿಯೇ ಕಡಿಯುತ್ತಾನೆಯೆ?

ಆ ಸಂಜೆ ಉಗ್ರಾಣದ ಹೊಸಿಲಿಗೆ ಆಲೂಗಡ್ಡೆ ಹಿಟ್ಟು ಉದುರಿಸಿದ. ಮರುದಿನ ಹಿಟ್ಟಿನ ಮೇಲೆ ಚೊಕ್ಕವಾದ ಹೆಜ್ಜೆ ಗುರುತು ಮೂಡಿತ್ತು! ಅಳತೆಪಟ್ಟಿ ತಂದು, ಬಾಗಿಲ ಬಳಿ ರಾಶಿ ಬಿದ್ದಿದ್ದ ಮನೆಯೊಳಗಿನ ಚಪ್ಪಲಿಗಳನ್ನೆಲ್ಲ ಒಂದೊಂದಾಗಿ ಇಟ್ಟು ನೋಡಿದ. ಹೊಂದಿದ್ದು ಒಂದೇ ಜೊತೆ. ಕಂದು ಚೌಕಳಿಯದು, ಹಿಮ್ಮಡಿ ಸವೆದದ್ದು. ಅವನದೇ!

"ಸಿಕ್ಕಿಬಿದ್ಯಲ್ಲ" ಎಂದಳು ಲಿಬುಶೆ, ಹಿಟ್ಟು ಗುಡಿಸುತ್ತ. "ಈಗ ನಿನ್ನನ್ನು ನೀನೇ ಠಾಣೆಗೆ ಕರ್ಕೊಂಡು ಹೋಗು. ದಾರೀಲಿ ತಪ್ಪಿಸಿಕೊಳ್ಳದ ಹಾಗೆ ನೋಡ್ಕೋ."

ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಎನ್ನುತ್ತಾರೆ. ಓಟಕರನಿಗೆ ಎಲೆಯ ಹಳದಿ ಕಣ್ಣಿಗೇರಿತು. ಅಂಚೆಯವಳು ಗಂಟೆ ಒತ್ತಿದರೆ ಅನುಮಾನ, ಲಿಬುಶೆ ಹಾಡು ಗುನುಗಿದರೆ ಅನುಮಾನ. ಕೊನೆಗೆ ಅವನ ದೃಷ್ಟಿ ಕೆಳಗಿನ ಮಹಡಿಗೆ ಇಳಿಯಿತು. ಅಲ್ಲಿದ್ದವರು ಶಿಮೆಕ್. ಬಾಲ್ಕನಿಯಲ್ಲಿ ಟೊಮೇಟೊ ಬೆಳೆಯುವವರು, ಪ್ರತಿ ಗುರುವಾರ ಇವನೊಡನೆ ಇಸ್ಪೀಟು ಆಡುವವರು. ಓಟಕರನ ಮನೆಯವರು ಊರಿಗೆ ಹೋದಾಗ ಹೂಗಿಡಗಳಿಗೆ ನೀರು ಹಾಕಲೆಂದು ಮನೆಯ ಇನ್ನೊಂದು ಬೀಗದ ಕೈಯೂ ಅವರ ಬಳಿಯೇ ಇತ್ತು. ಮೊನ್ನೆ ಗಿಡವನ್ನು ನೋಡಿ "ಅಯ್ಯೋ, ಹಳದಿ ಆಗ್ತಿದೆಯಲ್ಲ!" ಎಂದು ನಕ್ಕಿದ್ದರು. ನಕ್ಕಿದ್ದರು! ಹೊರಗೆ ಹಾಲು, ಒಳಗೆ ಹಾಲಾಹಲ!

ಓಟಕರ್ ಮೆಟ್ಟಿಲಿಳಿದು ಹೋಗಿ ನೇರವಾಗಿ ಕೇಳಿದ: "ಶಿಮೆಕ್ ಅವರೇ, ಉಳಿದ ಬಿಯರನ್ನು ನೀವು ನನ್ನ ಕುಂಡಕ್ಕೆ ಸುರೀತಿದ್ದೀರಾ?"

ಶಿಮೆಕ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ಏನು ಬಿಯರ್ ಅಂದ್ರಿ?"

"ಉಳಿದ ಬಿಯರ್."

"ಬಿಯರ್ ಉಳಿಯೋದು ಅಂದ್ರೇನು?" ಶಿಮೆಕ್‌ರ ಧ್ವನಿ ನಡುಗಿತು. "ಕ್ರೌಟಿಲ್ ಅವರೇ, ನನ್ನ ಮೇಲೆ ಕಳ್ಳತನ ಹೊರಿಸಿ, ಸಹಿಸ್ಕೋತೀನಿ. ಬಿಯರ್ ಚೆಲ್ಲಿದೆ ಅಂತ ಮಾತ್ರ ಹೊರಿಸಬೇಡಿ! ನಮ್ಮಪ್ಪ, ನಮ್ಮ ತಾತ, ಯಾರೂ ಅಂಥ ಕೆಲಸ ಮಾಡಿದವರಲ್ಲ. ತಗೊಳ್ಳಿ ನಿಮ್ಮ ಬೀಗದ ಕೈ. ಗುರುವಾರ ಇಸ್ಪೀಟಿಗೆ ನಿಮ್ಮ ಗಿಡವನ್ನೇ ಕೂರಿಸಿಕೊಳ್ಳಿ!"

ಸುದ್ದಿ ಲಿಫ್ಟಿಗಿಂತ ಬೇಗ ಮೇಲೆ ಹತ್ತಿತು. ಇಡೀ ಕಟ್ಟಡದಲ್ಲಿ ಓಟಕರನಿಗೆ ನಮಸ್ಕಾರ ಹೇಳುವವರಿಲ್ಲವಾದರು. ಇತ್ತ ಗಿಡದ ಅರ್ಧ ಮೈ ಹಳದಿಯಾಗಿತ್ತು. ಹೀಗೇ ಹೋದರೆ ಮುಲಾಮೂ ಇಲ್ಲ, ಅಣಬೆಯೂ ಇಲ್ಲ. ಅತ್ತೆ ಈ ವರ್ಷವೂ ಕಾರಿನಲ್ಲೇ. ಓಟಕರನಿಗೆ ಆ ಕಂಬಳಿ ಕಣ್ಣಮುಂದೆ ಬಂತು. ಇನ್ನು ಕಳ್ಳನನ್ನು ಕೈಯಾರೆ ಹಿಡಿಯುವುದೊಂದೇ ದಾರಿ.

ಶನಿವಾರ ಬೆಳಿಗ್ಗೆ "ಬನ್ನು ತರ್ತೀನಿ!" ಎಂದು ಕೂಗಿ, ಹೊರಬಾಗಿಲನ್ನು ತೆರೆದು ಧಡಾರನೆ ಮುಚ್ಚಿದ. ಹೊರಗೆ ಹೋಗದೆ ಕಳ್ಳಹೆಜ್ಜೆಯಲ್ಲಿ ಬಂದು ಉಗ್ರಾಣದ ಎದುರಿನ ಕೋಟಿನ ಬೀರುವಿನೊಳಗೆ ಮುದುರಿಕೊಂಡ. ಮೊದಲು ಬೀರುವಿನ ಬಾಗಿಲು ತೆರೆದದ್ದು ಲಿಬುಶೆ.

"ಓಟಾ."

"ಶ್!"

"ನನ್ನ ಕೋಟಿನೊಳಗೆ ಏನ್ ಮಾಡ್ತಿದ್ದೀಯ?"

"ವಿಜ್ಞಾನ."

ಅವಳು ಅವನ ಮೈಮೇಲಿಂದ ಕೋಟನ್ನು ಎಳೆದುಕೊಂಡಳು. "ಸರಿ, ಬನ್ನು ನಾನೇ ತರ್ತೀನಿ. ವಿಜ್ಞಾನಕ್ಕೆ ಗಸಗಸೆ ಹಾಕಿದ್ದು ಬೇಕೋ, ಬರೀದು ಸಾಕೋ?"

ಅವಳು ಹೋದಳು. ಮನೆ ನಿಶ್ಶಬ್ದವಾಯಿತು. ಆಮೇಲೆ ಸರ್, ಸರ್ ಎಂಬ ಸದ್ದು. ಬೀರುವಿನ ಬಿರುಕಿನಲ್ಲಿ ಓಟಕರನಿಗೆ ಮೊದಲು ಕಂಡದ್ದು ಅವನದೇ ಕಂದು ಚಪ್ಪಲಿ. ಒಳಗಿದ್ದವು ಊದಿದ ಎರಡು ಪಾದಗಳು. ಪಾದಗಳ ಮೇಲೆ ಅತ್ತೆ!

ಅತ್ತೆಯ ಕೈಯಲ್ಲಿ ಕೆಟಲ್ ಇತ್ತು. ಅವರು ಕುಂಡದ ಮುಂದೆ ನಿಂತು, ಕಷಾಯಕ್ಕೆ ನೀರು ಹೊಯ್ಯುವವರ ಗಾಂಭೀರ್ಯದಿಂದ, ಉಗುರುಬೆಚ್ಚಗಿನ ನೀರನ್ನು ಮಣ್ಣಿನ ಮೇಲೆ ಸುತ್ತ ಸುರಿದರು. ಕಾದರು. ಕುಂಡದ ಬುಡದಿಂದ ತಟ್ಟೆಗೆ ಕಂದು ನೀರು ಇಳಿಯಿತು. ಅದನ್ನು ನೀಲಿ ಎನಾಮಲ್ ಬೋಗುಣಿಗೆ ಬಗ್ಗಿಸಿಕೊಂಡು ಮತ್ತೆ ಸುರಿದರು, ಮತ್ತೆ ಬಗ್ಗಿಸಿಕೊಂಡರು. ಕೊನೆಗೆ ಕೆಟಲಿನಲ್ಲಿ ಉಳಿದ ನೀರನ್ನೂ ಬೋಗುಣಿಗೆ ಬೆರೆಸಿ, ಮುಕ್ಕಾಲಿಯ ಮೇಲೆ ಕುಳಿತು, ಚಪ್ಪಲಿ ಕಳಚಿ ಅದರೊಳಗೆ ಕಾಲು ಇಳಿಬಿಟ್ಟು, ಸೂಪಿನ ಸೌಟಿನಿಂದ ಮಂಡಿಗೆ ಹೊಯ್ದುಕೊಳ್ಳುತ್ತ "ಹಾಽಽ" ಎಂದರು.

"ಅತ್ತೇ!" ಓಟಕರ್ ಬೀರುವಿನಿಂದ ಹೊರಗೆ ನೆಗೆದ. ನೆಗೆದದ್ದು ಅರ್ಧ ಮಾತ್ರ. ಮಿಕ್ಕ ಅರ್ಧದಲ್ಲಿ ಸೊಂಟ ಕಳಕ್ಕೆಂದಿತು. ಬಾಗಿದಂತೆಯೇ ನಿಂತು ಕೂಗಿದ: "ಏನಿದು?"

ಅತ್ತೆ ಸೌಟು ಕೆಳಗಿಡಲಿಲ್ಲ. "ಬನ್ನು ಎಲ್ಲಿ?"

"ನೀವು... ಮುಟ್ಟಲ್ಲ ಅಂದಿದ್ರಲ್ಲ!"

"ಮುಟ್ಟಿಲ್ಲ. ನೀರು ಹೊಯ್ದೆ, ಅಷ್ಟೆ. ನಿನ್ನ ಮುಲಾಮು ಎಲೆ ಉದುರೋ ಕಾಲಕ್ಕೆ, ನನ್ನ ಮಂಡಿ ನೋಯೋದು ಈಗ. ಅದಕ್ಕೇ ಸಾರ ಇಳಿಸ್ಕೊಳ್ತಿದ್ದೀನಿ."

"ಅದರಲ್ಲಿ ಗಾಂಜಾ ಸಾರ ಒಂದು ಕಣವೂ ಇಲ್ಲ, ಅತ್ತೆ! ಸಾರ ಇರೋದು ಹೂವಿನಲ್ಲಿ, ಬೇರಿನಲ್ಲಲ್ಲ. ನೀವು ಇಳಿಸ್ಕೊಂಡಿದ್ದು ನನ್ನ ಗೊಬ್ಬರ! ನಾನು ಹಾಕ್ತಾ ಬಂದ ಸಾರಜನಕ ಎಲ್ಲಾ..." ಅವನು ಮಾತು ನಿಲ್ಲಿಸಿ ಅವರ ಮಂಡಿಗಳನ್ನು ನೋಡಿದ. ಕಳ್ಳಮಾಲು ಎದುರಿಗೇ ಇತ್ತು, ಒದ್ದೆಯಾಗಿ.

"ಏನೂ ಇಲ್ಲದಿದ್ರೆ ಇದು ಹ್ಯಾಗೆ?" ಎಂದವರೇ ಅತ್ತೆ ಬೋಗುಣಿಯಿಂದ ಎದ್ದು, ಗೋಡೆ ಹಿಡಿಯದೆ ಕುಕ್ಕರುಗಾಲಿನಲ್ಲಿ ಕುಳಿತು, ಎದ್ದು, ಮತ್ತೆ ಕುಳಿತು ಎದ್ದರು. "ನಿನ್ನೆ ಲಿಫ್ಟ್ ಕೆಟ್ಟಿತ್ತು. ನಡ್ಕೊಂಡೇ ಹತ್ತಿದೆ. ನೀನು ಹತ್ತಿ ತೋರಿಸು, ನೋಡೋಣ."

ಓಟಕರನಿಗೆ ಎಲ್ಲ ಗೊತ್ತಿತ್ತು. ಬೆಚ್ಚಗಿನ ನೀರಿಗೆ ಬಿಗಿದ ಕೀಲು ಸಡಿಲುತ್ತದೆ. ಸಡಿಲಿದ ಕಾಲು ನಡೆಯುತ್ತದೆ, ನಡೆದಷ್ಟೂ ಬಲ. ಇದನ್ನು ಒಂದೊಂದಾಗಿ ವಿವರಿಸಲು ಅವನು ಬೆರಳೆತ್ತಿದ. ಅಷ್ಟರಲ್ಲಿ ಬಾಗಿಲಲ್ಲಿ ಬನ್ನಿನ ಚೀಲ ಹಿಡಿದು ಲಿಬುಶೆ ನಿಂತಿದ್ದಳು. ಅವಳು ತಾಯಿಯ ಮಂಡಿ ನೋಡಿದಳು, ಗಂಡನ ಬೆರಳು ನೋಡಿದಳು, ತಲೆಯನ್ನು ಇಷ್ಟೇ ಇಷ್ಟು ಅಲ್ಲಾಡಿಸಿದಳು. ಬೆರಳು ಮಡಚಿಕೊಂಡಿತು.

"ಇರಬಹುದು" ಎಂದ ಓಟಕರ್. "ಹೆಚ್ಚಿನ ಅಧ್ಯಯನ ಬೇಕು."

ಅವನು ಎರಡನೆಯ ಬೀಜ ಮೊಳೆಸಿದ. ಒಂದು ಕುಂಡ ಮುಲಾಮಿಗೆ, ಇನ್ನೊಂದು ಅತ್ತೆಯ ಕೆಟಲಿಗೆ. ಮೊದಲನೆಯದು ಒಂದೆರಡು ಸಲದ ಗೊಬ್ಬರಕ್ಕೇ ಹೊಸ ಹಸಿರು ಬಿಟ್ಟಿತು. ಎರಡನೆಯದು ಹುಟ್ಟಿನಿಂದಲೇ ಬೇಸರದ ಹಳದಿಯಲ್ಲಿ ಬದುಕಿತು. ಶಿಮೆಕ್‌ರಿಗೆ ಒಂದು ಪೆಟ್ಟಿಗೆ ಬಿಯರ್ ಹೊತ್ತುಕೊಂಡು ಹೋಗಿ ಕ್ಷಮೆ ಕೇಳಿದ್ದೂ ಆಯಿತು. ಇಬ್ಬರೂ ಸೇರಿ ಪರೀಕ್ಷಿಸಿದರು. ಒಂದು ಹನಿಯೂ ಉಳಿಯಲಿಲ್ಲ.

ಸೆಪ್ಟೆಂಬರಿನಲ್ಲಿ ಕಾಡಿಗೆ ಹೋದರು. ಅತ್ತೆ ಬುಟ್ಟಿ ಹಿಡಿದು ಎಲ್ಲರಿಗಿಂತ ಮುಂದೆ. ಸ್ಪ್ರೂಸ್ ಮರಗಳ ನಡುವಿನಿಂದ ಅವರ ದನಿ ಕೇಳುತ್ತಿತ್ತು: "ಓಟಾ! ಇಲ್ಲಿ ಬಾ, ದೊಡ್ಡದಿದೆ!" ಓಟಕರ್ ಬರುವ ಸ್ಥಿತಿಯಲ್ಲಿರಲಿಲ್ಲ. ಬೀರುವಿನಲ್ಲಿ ಹಿಡಿದ ಸೊಂಟ ಬಿಟ್ಟಿರಲಿಲ್ಲ. ಎರಡು ಅಣಬೆಗೆ ಬಗ್ಗಿದವನು ಮೂರನೆಯದಕ್ಕೆ ಏಳಲಿಲ್ಲ. ಅವನನ್ನು ಎತ್ತಿ ತಂದು ಕಾರಿನಲ್ಲಿ ಕೂರಿಸಿ, ಕಾಲ ಮೇಲೆ ಕಂಬಳಿ ಹೊದಿಸಿದವರು ಅತ್ತೆಯೇ.

ಆಮೇಲೆ ಮುಲಾಮೂ ಆಯಿತು, ಹಚ್ಚಿದ್ದೂ ಆಯಿತು. ಸೊಂಟ ಜಗ್ಗಲಿಲ್ಲ. ಒಂದು ಮಧ್ಯಾಹ್ನ ಮಂಚದ ಕೆಳಗಿನ ಉಪ್ಪಿನಕಾಯಿ ಭರಣಿಗಳನ್ನು ವಾಪಸು ಇಡಲೆಂದು ಲಿಬುಶೆ ಉಗ್ರಾಣದ ಬಾಗಿಲು ತೆಗೆದರೆ, ನೀಲಿ ಬೋಗುಣಿಯಲ್ಲಿ ಕಾಲಿಟ್ಟು, ಅಂಗಿ ಎತ್ತಿಕೊಂಡು, ಸೌಟಿನಿಂದ ಸೊಂಟಕ್ಕೆ ಹೊಯ್ದುಕೊಳ್ಳುತ್ತಿದ್ದ ಒಬ್ಬ ನಿವೃತ್ತ ರಸಾಯನಶಾಸ್ತ್ರಜ್ಞ ಸಿಕ್ಕಿಬಿದ್ದ.

"ಒಂದು ಕಣವೂ ಇಲ್ಲ ಅಂದಿದ್ಯಲ್ಲ?"

"ಅದನ್ನೇ ಪರೀಕ್ಷೆ ಮಾಡ್ತಿದ್ದೀನಿ."

ಅವಳ ಹೆಗಲ ಮೇಲಿಂದ ಅತ್ತೆ ಇಣುಕಿದರು. ಮೊದಲು ಬೋಗುಣಿ ನೋಡಿದರು, ಆಮೇಲೆ ಕುಂಡ, ಆಮೇಲೆ ಅಳಿಯನ ಸೊಂಟ.

"ಒಂದು ಕೆಟಲ್ ನೀರು ಸಾಲದಪ್ಪಾ. ಅದು ಮಂಡಿಯ ಲೆಕ್ಕ, ಸೊಂಟಕ್ಕೆ ಎರಡು ಹೊಯ್ಕೋ" ಎಂದರು ಕರುಣೆಯಿಂದ. "ಎಲೆ ಹಳದಿ ಆಯ್ತು ಅಂತ ಮಾತ್ರ ಹೆದರಬೇಡ. ಹಳದಿ ಆದ್ರೆ ಸಾರ ಚೆನ್ನಾಗಿ ಇಳೀತಿದೆ ಅಂತಲೇ ಅರ್ಥ!"