ಕನಕಪುರದ ಆರತಿ ಮತ್ತು ನನ್ನ ಗೇರು ಸೈಕಲ್ಲು

ಆಸ್ಪತ್ರೆಯ ಬಿಳಿ ಸೀರೆಯಲ್ಲಿರುವಾಗ ನನ್ನ ಮಾತನ್ನು ಮೀರುವವರಿಲ್ಲ. ಸೈಕಲ್ ಹತ್ತಿದ ಮೇಲೆ ನನ್ನ ಮಾತನ್ನು ಕೇಳುವವರೇ ಇಲ್ಲ. ಆದ್ದರಿಂದ ಇಂಥ ಪ್ರಸಂಗಗಳು ನನ್ನನ್ನು ಹುಡುಕಿಕೊಂಡು ಬರುತ್ತಲೇ ಇರುತ್ತವೆ.

ನಾನು ರಾಮನಗರದ ಒಂದು ಸಣ್ಣ ಆಸ್ಪತ್ರೆಯಲ್ಲಿ ಮೇಟ್ರನ್. ಕಾನ್ವೆಂಟಿನಲ್ಲಿ ಕಲಿತವಳು. ಬೆನ್ನು ನೆಟ್ಟಗಿಡುವುದು, ಹೇಳಿದ ಹೊತ್ತಿಗೆ ತಲುಪುವುದು, ಶುರು ಮಾಡಿದ್ದನ್ನು ಮುಗಿಸುವುದು, ಈ ಮೂರನ್ನು ಸಿಸ್ಟರುಗಳು ಚೆನ್ನಾಗಿ ಕಲಿಸಿದ್ದರು. ಐವತ್ತು ದಾಟಿದಾಗ ಸಕ್ಕರೆ ಕಾಯಿಲೆ ಬಂತು. ನಮ್ಮ ಡಾಕ್ಟರು ಸೈಕಲ್ ತುಳಿಯಿರಿ ಎಂದರು. ಹೆದ್ದಾರಿಯಲ್ಲಿ ಹೊಸ ಫ್ಯಾಕ್ಟರಿಗಳ ಲಾರಿಗಳದ್ದೇ ರಾಜ್ಯ. ಹಾಗಾಗಿ ದಪ್ಪ ಟೈರಿನ ಗೇರು ಸೈಕಲ್ ಕೊಂಡು, ಗುಡ್ಡ ಕಾಡುಗಳ ಅಂಚಿನ ಜಲ್ಲಿ ದಾರಿ ಹಿಡಿದೆ.

ಕನಕಪುರದಲ್ಲಿರುವ ನನ್ನ ಅಕ್ಕ ಸುದ್ದಿ ಕೇಳಿ ನಕ್ಕಳು. "ನೀನು ಆ ದಾರೀಲಿ ಸೈಕಲ್ ಮೇಲೆ ನಮ್ಮನೆ ತನಕ ಬಾ. ಬೀದಿಗೆ ಬಂದು ಆರತಿ ಎತ್ತುತೀನಿ. ನಡುವೆ ಯಾವ ಗಾಡಿನಾದ್ರೂ ಹತ್ತಿದ್ಯೋ, ಆರತಿ ಇಲ್ಲ."

ನನಗೆ ಆ ಆರತಿ ಬೇಕೇಬೇಕಾಯಿತು.

ಹುಳುಮನೆಯ ಬಾಗಿಲಲ್ಲಿ

ಮೊದಲ ಸಲ ಹೊರಟಾಗ ಅರ್ಧ ದಾರಿಯಲ್ಲೇ ನೀರು ಮುಗಿಯಿತು. ಹಿಪ್ಪುನೇರಳೆ ತೋಟದ ನಡುವೆ ಒಂದು ಮನೆ ಕಂಡಿತು. ನೆರಳಿದೆಯೆಂದು ಅದರ ಪಕ್ಕದ ಶೆಡ್ಡಿನ ಕಡೆ ಹೆಜ್ಜೆ ಇಟ್ಟೆ.

"ಅಲ್ಲೇ ನಿಂತ್ಕಳಿ ಅಮ್ಮಾವ್ರೆ," ಎಂದು ಮನೆಯಾಕೆ ಬಾಗಿಲಿಗೆ ಅಡ್ಡ ಬಂದಳು. "ಒಳಗೆ ರೇಷ್ಮೆ ಹುಳ ಅವೆ. ಕಂಡೋರ್ನೆಲ್ಲ ಬುಡಕ್ಕಿಲ್ಲ."

"ನಾನು ಆಸ್ಪತ್ರೆಯವಳಮ್ಮ, ಶುಚಿಯ ವಿಷಯ ನನಗೆ ಗೊತ್ತು."

"ಗೊತ್ತು ಕಣ್ರೀ. ನಮ್ಮೆಜಮಾನ್ರು ನಿಮ್ ಆಸ್ಪತ್ರೇಲಿ ಮಲ್ಗಿದ್ದಾಗ ನನ್ನ ಒಳಕ್ಕೆ ಬುಟ್ರಾ ನೀವು? ನಾಕು ಗಂಟೆಗೆ ಬಾ ಅಂದ್ರಿ. ನಂಗೆ ಕಟ್ಕೊಂಡ ಗಂಡ ಒಬ್ಬ. ಈಗ ಒಳಗಿರೋ ಮಕ್ಕಳು ಸಾವ್ರಾರು."

ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದೆ. ನನ್ನ ಹೊಸ ನರ್ಸುಗಳಲ್ಲಿ ಒಬ್ಬಳಿಗೂ ಇಷ್ಟು ಶಿಸ್ತಿಲ್ಲ. ಕಾಲು ತೊಳೆಸಿ, ದೂರದ ಜಗಲಿಯಲ್ಲಿ ಕೂರಿಸಿ, ಹೊಟ್ಟೆ ತಂಪಾಗುವಷ್ಟು ಮಜ್ಜಿಗೆ ಕೊಟ್ಟಳು. ಅಷ್ಟಕ್ಕೇ ಬಿಡಲಿಲ್ಲ. "ಮುಂದಕ್ಕೆ ಆನೆ ಕಾಟ, ಹೊತ್ತೂ ಇಳೀತಾ ಐತೆ," ಎಂದು, ರೇಷ್ಮೆಗೂಡು ತುಂಬಿಕೊಂಡು ರಾಮನಗರದ ಮಾರುಕಟ್ಟೆಗೆ ಹೊರಟಿದ್ದ ಪಕ್ಕದ ಮನೆಯ ಟೆಂಪೋ ನಿಲ್ಲಿಸಿ, ನನ್ನನ್ನೂ ಸೈಕಲ್ಲನ್ನೂ ಗೂಡಿನ ಚೀಲಗಳ ನಡುವೆ ಏರಿಸಿಬಿಟ್ಟಳು. ಕನಕಪುರಕ್ಕೆ ಹೊರಟವಳು ರಾಮನಗರಕ್ಕೇ ವಾಪಸು ಬಂದೆ.

ಅಕ್ಕನಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವಳು ಕೇಳಿದ್ದು ಒಂದೇ ಮಾತು:

"ಮಾರ್ಕೆಟ್ಟಲ್ಲಿ ಕೇಜಿಗೆ ಎಷ್ಟಕ್ಕೆ ಹೋದೆ?"

ಹೆಲ್ಮೆಟ್ ಹಾಕಿದವರೆಲ್ಲ ಸರ್ವೇದವರು

ಎರಡನೆಯ ಸಲ ಮರಳವಾಡಿ ಕಡೆಯ ಬಳಸು ದಾರಿ ಹಿಡಿದೆ. ಅಲ್ಲೆಲ್ಲ ಫ್ಯಾಕ್ಟರಿಗೆ ಜಮೀನು ಹೋಗುತ್ತದಂತೆ ಎಂಬ ಮಾತು ಆಗ ದಿನಕ್ಕೊಂದು ಬಗೆಯಲ್ಲಿ ಹಬ್ಬುತ್ತಿತ್ತು. ನಾನೋ ತಲೆಗೆ ಹೆಲ್ಮೆಟ್ ಹಾಕಿ, ಹೊಲದ ಬದುವಿನಲ್ಲಿ ನಿಂತು, ನಕ್ಷೆ ಬಿಡಿಸಿ ನೋಡುತ್ತಿದ್ದೆ.

ವಯಸ್ಸಾದ ರೈತರೊಬ್ಬರು ಕುಡುಗೋಲು ಹಿಡಿದೇ ಬಂದರು. "ಏನಮ್ಮ, ಅಳೀತಾ ಇದೀಯಾ?"

"ಇಲ್ಲ ಯಜಮಾನರೇ, ಆರೋಗ್ಯಕ್ಕೋಸ್ಕರ ಸೈಕಲ್ ತುಳಿಯುತ್ತಿದ್ದೇನೆ."

"ಎಲ್ಲಾರೂ ಹಂಗೇ ಅನ್ನದು. ಹೋದ ಸಲ ಬಂದೋರು ಹಕ್ಕಿ ನೋಡಕ್ಕೆ ಬಂದೀವಿ ಅಂದ್ರು. ಈಗ ಅಲ್ಲಿ ಕಾಂಪೌಂಡ್ ಎದ್ದೈತೆ. ಹಕ್ಕಿನೂ ಇಲ್ಲ, ಹೊಲಾನೂ ಇಲ್ಲ."

ಮಾತಾಡುತ್ತಲೇ ಅವರು ಏದುಸಿರು ಬಿಡುತ್ತಿದ್ದರು, ಪಾದ ಊದಿತ್ತು. ಕಂಡೂ ಸುಮ್ಮನಿರುವುದು ನನ್ನಿಂದಾಗದು. ಅಲ್ಲೇ ನಾಡಿ ಹಿಡಿದು ಗದರಿದೆ. ಉಪ್ಪು ಎಷ್ಟು ತಿನ್ನುತ್ತೀರಿ, ಬಿ.ಪಿ. ತೋರಿಸಿ ಎಷ್ಟು ದಿನವಾಯಿತು, ಈ ಬಿಸಿಲಲ್ಲಿ ತಲೆಗೆ ಟವಲೂ ಇಲ್ಲವೇ ಎಂದು ಕೇಳುತ್ತಲೇ ಹೋದೆ.

ಅವರ ಹೆಂಡತಿ ಹೊಲದಾಚೆಯಿಂದಲೇ ಕೂಗಿದರು: "ಕುಡ್ಲು ಕೆಳಗಿಡಿ. ಅವ್ರು ಸರ್ವೇದೋರಲ್ಲ. ಜಮೀನು ಕಿತ್ಕಳಕ್ಕೆ ಬರೋರು ನಗ್‌ನಗ್ತಾ ಮಾತಾಡ್ತಾರೆ. ಹಿಂಗೆ ಬಯ್ಯೋರು ನಮ್ಮೋರೇ ಇರಬೇಕು."

ಬಿಸಿ ಮುದ್ದೆ, ಅವರೆಕಾಳು ಸಾರು ಉಣ್ಣದೆ ಹೊರಡಲು ಆಗಲಿಲ್ಲ. ಸಾರಿಗೆ ಉಪ್ಪೇ ಹಾಕಿರಲಿಲ್ಲ.

ಬಸ್ಸು ಹೊರಡುವುದಿಲ್ಲ

ಮುದ್ದೆ ಉಂಡ ಹೊಟ್ಟೆಯಲ್ಲಿ ಮುಂದಿನ ಏರು ನಿಧಾನವಾಗಿ ಹತ್ತುತ್ತಿದ್ದೆ. ಹಿಂದಿನಿಂದ ಬಂದ ಖಾಸಗಿ ಬಸ್ಸು ತಾನಾಗಿಯೇ ನಿಂತಿತು. ಕಂಡಕ್ಟರು ಹಿಂದೊಮ್ಮೆ ನನ್ನ ವಾರ್ಡಿನಲ್ಲಿ ಮಲಗಿದ್ದವನು.

"ಹತ್ತಿ ಮೇಡಂ. ಸೈಕಲ್ ಟಾಪಿಗೆ ಹಾಕ್ತೀನಿ."

"ಬೇಡಪ್ಪ. ನೀನು ಹೋಗು."

"ನಿಮ್ಮನ್ನ ಬಿಸಿಲಲ್ಲಿ ಬುಟ್ಟು ಹೋದ್ರೆ, ಮುಂದಿನ್ ಸಲ ಇಂಜೆಕ್ಷನ್ ಎಂಗೆ ಚುಚ್ತೀರೋ ಏನೋ. ನೀವು ಹತ್ತಗಂಟ ಬಸ್ ಹೊರಡಕ್ಕಿಲ್ಲ."

ಬಸ್ಸಿನ ತುಂಬ ಮದುವೆಗೆ ಹೊರಟವರು. ಕಿಟಕಿಯಿಂದ ತಲೆ ಹಾಕಿ ಒಬ್ಬೊಬ್ಬರಾಗಿ ಬೇಡಿದರು. ಕೊನೆಗೆ ಹಿರಿಯರೊಬ್ಬರು, "ಹುಡುಗಿ ಸೋದರಮಾವ ನಾನೇ ಕಣವ್ವ. ಒಸಿ ದೊಡ್ಡ ಮನಸ್ಸು ಮಾಡು," ಎಂದು ಕೈ ಮುಗಿದರು. ಒಂದು ಮುಹೂರ್ತ ಕೆಡಿಸಿ ಆರತಿ ಎತ್ತಿಸಿಕೊಳ್ಳುವುದು ಸರಿಯೇ? ಹತ್ತಿದೆ.

ಅಕ್ಕ ಆರತಿ ತಟ್ಟೆ ಹಿಡಿದು ಬೀದಿಯ ತುದಿಯಲ್ಲೇ ನಿಂತಿದ್ದಳು. ಬಸ್ಸಿನ ಟಾಪಿನಿಂದ ಇಳಿಯುತ್ತಿದ್ದ ಸೈಕಲ್ ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ನೇರವಾಗಿ ಮುಂದೆ ಹೋಗಿ ಡ್ರೈವರಿಗೆ ಆರತಿ ಎತ್ತಿದಳು.

ಜಲ್ಲಿ ಏರಿನ ಸೂಲಗಿತ್ತಿ

ಮೂರನೆಯ ಸಲ ನಸುಕಿನಲ್ಲೇ ಹೊರಟೆ. ಕರೆದವರಿಗೆಲ್ಲ ಕೈ ಬೀಸಿದೆನೇ ಹೊರತು ಎಲ್ಲಿಯೂ ನಿಲ್ಲಲಿಲ್ಲ. ಉಳಿದದ್ದು ಒಂದೇ ಏರು. ಅದನ್ನು ದಾಟಿದರೆ ಕನಕಪುರದವರೆಗೂ ಇಳಿಜಾರು. ಆದರೆ ಫ್ಯಾಕ್ಟರಿ ಕೆಲಸದ ಲಾರಿಗಳು ಓಡಾಡಿ ಅಲ್ಲಿ ದಪ್ಪ ಜಲ್ಲಿ ಎದ್ದಿತ್ತು. ಚಕ್ರ ನಿಂತಲ್ಲೇ ತಿರುಗಿತು. ಇಳಿದು ತಳ್ಳಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಕಾಲು ಸೋತು, ನನ್ನ ಬಾಯಿಂದಲೇ "ಅಯ್ಯಮ್ಮಾ" ಎಂಬ ಕೂಗು ಹೊರಟಿತು.

ಹಿಂದೆ ಇಟ್ಟಿಗೆ ಟ್ರ್ಯಾಕ್ಟರು ಬಂದು ನಿಂತಿತು. "ಹತ್ಕಳಿ ಮೇಡಂ," ಎಂದ ಡ್ರೈವರು. ನನ್ನ ಕೈ ಟ್ರೈಲರಿನ ಕಡೆ ಹೋಗಿಯೇಬಿಟ್ಟಿತ್ತು.

"ಮುಟ್ಟಬ್ಯಾಡಿ!"

ಬಂಡೆಯ ಮೇಲೆ ಮೇಕೆ ಕಾಯುತ್ತಿದ್ದ ಹೆಂಗಸು ಕೋಲು ಹಿಡಿದು ಇಳಿದುಬಂದಳು. ಅವಳ ಮೂರು ಹೆರಿಗೆಗೂ ನಾನೇ ಪಕ್ಕದಲ್ಲಿದ್ದೆ. "ಎಲ್ಲಿಗೆ ಹೊಂಟ್ರಿ?" ಎಂದಳು. ತೇಕುತ್ತಲೇ ಆರತಿಯ ವಿಷಯ ಹೇಳಿದೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನ ಮುಂದೆ ನಿಂತಳು.

"ಬಾಯಿ ಮುಚ್ಚಿ ಮೊದ್ಲು. ಕಿರುಚಿದ್ರೆ ಶಕ್ತಿ ಹೋಯ್ತದೆ. ಉಸ್ರು ಎಳ್ಕಳಿ, ಹಿಡ್ಕಳಿ, ಈಗ ತಳ್ಳಿ."

ನನ್ನದೇ ಮಾತು, ನನ್ನದೇ ದನಿ. ತಳ್ಳಿದೆ.

"ಆಗಲ್ಲ ಕಣೇ."

"ಎಲ್ಲಾರ್ಗೂ ಆಯ್ತದೆ, ನಿಮಗೊಬ್ರಿಗೆ ಆಗಕ್ಕಿಲ್ವಾ? ನಿಮ್ಗೇನು ಇದು ಹೊಸದಾ? ಈಗ ಬುಟ್ರೆ ಮತ್ತೆ ಮೊದ್ಲಿಂದ. ಗುಡ್ಡದ ತಲೆ ಕಾಣ್ತಾ ಐತೆ, ಇನ್ನೊಂದ್ ಸಲ!"

ಟ್ರ್ಯಾಕ್ಟರಿನವನು ಅಪ್ಪನಾಗುವವನಂತೆ ಕೈ ಕಟ್ಟಿಕೊಂಡು ಹಿಂದೆ ಹಿಂದೆ ನಡೆದು ಬಂದ. ಅವಳು ಅವನನ್ನೂ ಗದರಿದಳು: "ಗಂಡಸ್ರು ಆಚೆ ನಿಂತ್ಕಳಿ."

ಸೈಕಲ್ಲು ಗುಡ್ಡದ ನೆತ್ತಿ ಮುಟ್ಟಿತು. ಅಕ್ಕನಿಗೆ ತಿಳಿಸಬೇಕಿತ್ತು, ಆದರೆ ನನಗೆ ಉಸಿರೇ ಇರಲಿಲ್ಲ. ಮೊಬೈಲ್ ಒತ್ತಿ ಮೇಕೆಯವಳ ಕೈಗೆ ಕೊಟ್ಟೆ.

"ಸುಸೂತ್ರವಾಗಿ ಆಯ್ತು ಕಣಮ್ಮ," ಎಂದಳು ಅಕ್ಕನಿಗೆ. "ಒಸಿ ಕಷ್ಟ ಕೊಡ್ತು. ಈಗ ತಾಯಿ, ಸೈಕಲ್ಲು ಇಬ್ರೂ ಚೆನ್ನಾಗವ್ರೆ."

ಇಳಿಜಾರಿನಲ್ಲಿ ಗಾಳಿಯಂತೆ ಇಳಿದು ಅಕ್ಕನ ಬೀದಿ ಸೇರಿದೆ. ಅವಳು ಮಾತಿಗೆ ತಪ್ಪಲಿಲ್ಲ. ಇಡೀ ಬೀದಿಯೆದುರು ನನಗೊಮ್ಮೆ, ಸೈಕಲ್ಲಿಗೊಮ್ಮೆ ಆರತಿ ಎತ್ತಿದಳು. ಒಳಗೆ ಬಿಸಿನೀರು, ಮೆಣಸಿನ ಸಾರು, ತುಪ್ಪದ ಅನ್ನ ಸಿದ್ಧವಾಗಿದ್ದವು. ತಟ್ಟೆಯ ಪಕ್ಕದಲ್ಲಿ ಎರಡು ಉಂಡೆ ಹತ್ತಿ.

"ಇದೇನೇ?"

"ಕಿವಿಗಿಟ್ಕೋ. ಹಸಿ ಬಾಣಂತಿ, ಗಾಳಿ ತಾಗುತ್ತೆ."

ನಾನು ಮೇಟ್ರನ್. ಇದಕ್ಕೆ ವೈದ್ಯಶಾಸ್ತ್ರದಲ್ಲಿ ಯಾವ ಆಧಾರವೂ ಇಲ್ಲವೆಂದು ಅವಳಿಗೆ ಸ್ಪಷ್ಟವಾಗಿ ತಿಳಿಸಿದೆ. ಆಮೇಲೆ ಕಿವಿಗೆ ಹತ್ತಿ ಇಟ್ಟುಕೊಂಡೇ ಊಟ ಮಾಡಿದೆ.