ಕೈಗುಣ ಮತ್ತು ಕ್ರಿಸ್‌ಮಸ್ ಮರ

ನಾನು ನೆಟ್ಟದ್ದು ಬರುವುದಿಲ್ಲ ಎಂದು ಹೇಳಿದವರು ಇಡೀ ಅಂಬಲಪಾಡಿಯಲ್ಲಿ ಒಬ್ಬರೇ ಒಬ್ಬರು. ದುರದೃಷ್ಟಕ್ಕೆ ಅವರು ನನ್ನ ಗಂಡ. ಬಟ್ಟೆಯ ಹಗ್ಗ ಕಟ್ಟಲೆಂದು ನಾನು ಹೂಳಿದ ನುಗ್ಗೆಯ ಗೂಟ ಚಿಗುರಿ, ಈಗ ಒಗೆದ ಬಟ್ಟೆಯ ಮೇಲೆಲ್ಲ ಹೂ ಉದುರಿಸುತ್ತಿದೆ. ಬಸಳೆಯ ದಂಟನ್ನು ಅಡಿಗೆಮನೆಯ ಕಿಟಕಿಯಿಂದ ಎಸೆದರೆ ಸಾಕು, ಕೆಲವು ದಿನಗಳಲ್ಲಿ ಅದೇ ಕಿಟಕಿಯಿಂದ ಒಳಗೆ ಇಣುಕುತ್ತದೆ. ಇಂಥ ಹಸ್ತಕ್ಕೆ ಸವಾಲು ಹಾಕಿದವರು, ಮಸ್ಕತ್ತಿನ ಎ.ಸಿ. ಕೋಣೆಯಲ್ಲಿ ಅರ್ಧ ಆಯುಷ್ಯ ಕಳೆದು ಪ್ಲಾಸ್ಟಿಕ್ ಹೂವಿನ ಧೂಳನ್ನಷ್ಟೇ ಒರೆಸಿ ಬಂದ ವಿಠಲ ಶೆಟ್ಟರು.

ಜಗಳದ ಮೂಲ ಇಂಟರ್‌ಲಾಕ್. ಊರವರೆಲ್ಲ ಅಂಗಳಕ್ಕೆ ಇಂಟರ್‌ಲಾಕ್ ಕಲ್ಲು ಹಾಸಿಕೊಂಡಿದ್ದಾರೆ, ನಮ್ಮಲ್ಲಿ ಮಾತ್ರ ಇನ್ನೂ ಮಣ್ಣು ಎಂದು ಇವರಿಗೆ ಅವಮಾನ. ಗೇಟಿನ ಬಳಿಯ ಮೂಲೆಯೊಂದನ್ನು ಬಿಡಿ, ಅಲ್ಲಿ ನನಗೆ ಮಲ್ಲಿಗೆ ನೆಡಬೇಕು ಎಂದೆ.

"ಮಲ್ಲಿಗೆ ಯಾರು ನೆಟ್ಟರೂ ಬರುತ್ತದೆ ಮಾರಾಯ್ತಿ. ಅಷ್ಟು ಕೈಗುಣ ಉಂಟಾದರೆ ಪಕ್ಕದ ಮನೆಯ ಕ್ರಿಸ್‌ಮಸ್ ಮರದ ಒಂದು ಗೆಲ್ಲು ಕಡಿದು ನೆಟ್ಟು ಬರಿಸು, ನೋಡುವ."

"ಬರಿಸಿದರೆ?"

"ಬರುವ ವರ್ಷದ ಕ್ರಿಸ್‌ಮಸ್ ಒಳಗೆ ಎರಡು ಅಡಿ ಆದರೆ ಮೂಲೆ ನಿನ್ನದು. ಆಗದಿದ್ದರೆ ಗೇಟಿನಿಂದ ಬಾವಿಕಟ್ಟೆಯವರೆಗೆ ಇಂಟರ್‌ಲಾಕ್. ಮತ್ತೆ ನೀನು ಮಾತಾಡಲಿಕ್ಕಿಲ್ಲ."

(ನಾನು ಮಾತಾಡಲಿಕ್ಕಿಲ್ಲವಂತೆ. ಮದುವೆಯಾದಂದಿನಿಂದ ಇವರು ಕಾಣುತ್ತಿರುವ ಕನಸು ಅದು.)

ಆ ಮರ ಇರುವುದು ರೊಸಾರಿಯೊ ಮತ್ತು ಜೆನಿಟಾ ದಂಪತಿಯ ಅಂಗಳದಲ್ಲಿ. ಕೇಳಿದರೆ ಇಲ್ಲ ಎನ್ನುವವರಲ್ಲ. ಆದರೆ ಹಿಂದಿನ ದಿನವಷ್ಟೇ ನಾನು ಅವರ ಮೇಲೆ ದಂಡೆತ್ತಿ ಹೋಗಿದ್ದೆ. ಮಳೆಗಾಲಕ್ಕೆ ಮೊದಲು ತಂತಿಗೆ ತಾಗುವ ಗೆಲ್ಲು ಸವರಲು ಬಂದ ಲೈನ್‌ಮನ್ ಆ ಮರದ ತುದಿಯನ್ನೇ ಕತ್ತರಿಸಿದ್ದ. ನೋಡಿದರೆ ಆ ತುದಿ ನಮ್ಮ ಕಂಪೌಂಡಿಗೆ ಒರಗಿ ನಿಂತಿತ್ತು. ನಿಮ್ಮ ಕಸಕ್ಕೆ ನಮ್ಮ ಗೋಡೆಯೇ ಆಗಬೇಕಾ ಎಂದು ನಾನು ಹೊರಡಿಸಿದ ಘೋಷಣೆ ದೇವಸ್ಥಾನದೊಳಗಿನ ಜನಾರ್ದನ ದೇವರಿಗೂ ಕೇಳಿಸಿರಬೇಕು. ರೊಸಾರಿಯೊ ಬಂದು ಅದನ್ನು ಎತ್ತಿಕೊಂಡು ಹೋಗಿ ಸುಟ್ಟರು. ಅಂಥವರ ಮುಂದೆ ಮರುದಿನವೇ ಹಲ್ಲು ಗಿಂಜಿ ಗೆಲ್ಲು ಕೇಳಲು ನನ್ನಿಂದಾಗದು. ಅಲ್ಲದೆ ಕೇಳಿ ತಂದದ್ದಕ್ಕಿಂತ ಕದ್ದು ತಂದ ಗಿಡವೇ ಚೆನ್ನಾಗಿ ಬರುತ್ತದೆಂದು ಕೆಮ್ಮಣ್ಣು ಊರಿನ ನಮ್ಮ ಅಮ್ಮ ಹೇಳುತ್ತಿದ್ದರು. (ಅಮ್ಮನ ಹಿತ್ತಿಲಲ್ಲಿ ಕೇಳಿ ತಂದ ಗಿಡ ಒಂದೂ ಇರಲಿಲ್ಲ.)

ಭಾನುವಾರ ಅವರಿಬ್ಬರೂ ಇಗರ್ಜಿಗೆ ಹೋದ ಹೊತ್ತಿನಲ್ಲಿ ನಾನು ಬಕೆಟ್ ಕವುಚಿ ಹಾಕಿ, ಅದರ ಮೇಲೆ ಹತ್ತಿ, ಕೈಗೆಟುಕಿದ ಒಂದು ಚಂದದ ಬದಿಗೆಲ್ಲನ್ನು ಕತ್ತರಿಸಿ ತಂದೆ. ಎಲ್ಲ ನಿರಾತಂಕವಾಗಿ ನಡೆಯಿತು, ಮರದ ಮೇಣ ನೈಟಿಗೆ ಮೆತ್ತಿಕೊಂಡದ್ದೊಂದನ್ನು ಬಿಟ್ಟು. ಎಷ್ಟು ತಿಕ್ಕಿದರೂ ಹೋಗಲಿಲ್ಲ. ಹಗ್ಗದ ಮೇಲೆ ಹಾಕಿದ್ದ ಆ ನೈಟಿಯನ್ನು ಜೆನಿಟಾ ಗೋಡೆಯಾಚೆಯಿಂದ ನೋಡಿದಳು.

"ಅದೆಂತ ಕಲೆ ಸ್ವರ್ಣಕ್ಕ?"

"ಹಲಸಿನ ಮೇಣ."

"ತೆಂಗಿನೆಣ್ಣೆ ಹಚ್ಚಿ. ಯಾವ ಮೇಣ ಆದರೂ ಹೋಗುತ್ತದೆ" ಎಂದು ಒಳಗೆ ಹೋದಳು. ಒಳ್ಳೆಯ ಹುಡುಗಿ, ಸಂಶಯ ಎಂಬುದೇ ಇಲ್ಲ ಎಂದುಕೊಂಡೆ.

ಹೊಳೆಯ ಹೊಯಿಗೆ ಮತ್ತು ತೆಂಗಿನನಾರಿನ ಹುಡಿ ತುಂಬಿದ ಚಟ್ಟಿಯಲ್ಲಿ ಗೆಲ್ಲನ್ನು ಊರಿ, ತೇವ ಆರದ ಹಾಗೆ ಮೇಲೆ ತಳ ಕತ್ತರಿಸಿದ ನೀರಿನ ಕ್ಯಾನ್ ಮುಚ್ಚಿ, ಬಾವಿಕಟ್ಟೆಯ ನೆರಳಿನಲ್ಲಿ ಪ್ರತಿಷ್ಠಾಪಿಸಿದೆ. ಇವರು ದಿನಾ ಬೆಳಿಗ್ಗೆ ಚಹಾದ ಲೋಟ ಹಿಡಿದು ಬಂದು, ಐ.ಸಿ.ಯು.ನಲ್ಲಿರುವ ರೋಗಿಯನ್ನು ನೋಡುವಂತೆ ಕ್ಯಾನಿನೊಳಗೆ ಇಣುಕಿ, "ಪಾಪ" ಎನ್ನುತ್ತಿದ್ದರು. ಆಟಿ ತಿಂಗಳ ಜಡಿಮಳೆ ಕಳೆಯಿತು, ಚೌತಿ ಕಳೆಯಿತು. ಗೆಲ್ಲು ಸಾಯಲೂ ಇಲ್ಲ, ಬದುಕಿದ್ದೇನೆ ಎನ್ನಲೂ ಇಲ್ಲ. ದೀಪಾವಳಿಯ ಹೊತ್ತಿಗೆ ಚಟ್ಟಿಯ ತೂತಿನಿಂದ ಬಿಳಿ ಬೇರೊಂದು ಹೊರಗೆ ಬಂದಿತ್ತು. ನಾನು ಚಟ್ಟಿಯನ್ನು ಎತ್ತಿ ತಂದು ಇವರ ದೋಸೆಯ ತಟ್ಟೆಯ ಪಕ್ಕದಲ್ಲೇ ಇಟ್ಟೆ. ಆ ದಿನ ಇವರು ಚಟ್ನಿ ಕೇಳಲಿಲ್ಲ.

ಗಿಡವನ್ನು ಮೂಲೆಗೆ ವರ್ಗಾಯಿಸಿದೆ. ಚಿಗುರಿತು, ಬೆಳೆಯಿತು. ಆದರೆ ಒಂದು ವಿಚಿತ್ರ. ಅದಕ್ಕೆ ಆಕಾಶ ಒಂದುಂಟೆಂಬುದೇ ಗೊತ್ತಿದ್ದಂತಿರಲಿಲ್ಲ. ಭಾನುವಾರ ಮಧ್ಯಾಹ್ನ ಉಂಡು ಚಾಪೆಯ ಮೇಲೆ ಅಡ್ಡಾದ ಇವರ ಹಾಗೆ ನೆಲಕ್ಕೆ ಸಮನಾಗಿ, ಅಡ್ಡಡ್ಡ ಗೇಟಿನ ಕಡೆಗೆ ಹೊರಟಿತು. ಕೋಲು ನಿಲ್ಲಿಸಿ ಕಟ್ಟಿದೆ. ಕೋಲಿನ ತುದಿಯವರೆಗೆ ಒಲ್ಲದ ಮನಸ್ಸಿನಿಂದ ಬಂದು, ಅಲ್ಲಿಂದ ಮತ್ತೆ ಅಡ್ಡ ತಿರುಗಿತು. ಗದರಿದೆ, ಪುಸಲಾಯಿಸಿದೆ. ಕೊನೆಗೆ ಕೋಲನ್ನೇ ಕಿತ್ತೆಸೆದೆ. ಮಲಗಲಿ, ಯಾರಪ್ಪನ ಗಂಟೇನು ಹೋಗುತ್ತದೆ? ಮಲಗಿದ ಮರ ಮರವಲ್ಲವೇ?

ಮರುವರ್ಷದ ಕ್ರಿಸ್‌ಮಸ್ ಬಂತು. ಇವರು ಅಳತೆಯ ಟೇಪು ತಂದು ನೆಲದಿಂದ ಮೇಲಕ್ಕೆ ಹಿಡಿದರು.

"ಒಂದು ಗೇಣು" ಎಂದರು.

ನಾನು ಟೇಪನ್ನು ಕಸಿದು ಬುಡದಿಂದ ತುದಿಗೆ ಹಿಡಿದೆ. "ಎರಡೂವರೆ ಅಡಿ. ಕಣ್ಣು ಬಿಟ್ಟು ಓದಿ."

"ಮರವನ್ನು ಯಾರಾದರೂ ಹಾವಿನ ಹಾಗೆ ಅಳೆಯುತ್ತಾರಾ?"

"ಎರಡು ಅಡಿ ಎಂದಿರಿ. ಯಾವ ದಿಕ್ಕಿಗೆ ಎಂದು ಹೇಳಿದಿರಾ?"

ಅಷ್ಟರಲ್ಲಿ ಜೆನಿಟಾ ತಟ್ಟೆ ತುಂಬ ಹಬ್ಬದ ಕುಸ್ವಾರ್ ತಿಂಡಿ ಹಿಡಿದುಕೊಂಡು ಬಂದಳು. ತೀರ್ಪು ಅವಳೇ ಹೇಳಲಿ ಎಂದೆವು. ಅವಳು ಬಗ್ಗಿ ನೋಡಿದಳು.

"ಇದು ಹೀಗೇ ಇರುವುದು ಸ್ವರ್ಣಕ್ಕ. ಬದಿಗೆಲ್ಲು ನೆಟ್ಟರೆ ಬದಿಗೇ ಹೋಗುತ್ತದೆ. ಮೇಲೆ ಹೋಗಬೇಕಾದರೆ ತುದಿಯನ್ನೇ ನೆಡಬೇಕು."

"ತುದಿ ಎಲ್ಲಿಂದ ತರಲಿ ನಾನು?"

ಜೆನಿಟಾ ನಿಧಾನವಾಗಿ ತಟ್ಟೆಯನ್ನು ಕೆಳಗಿಟ್ಟಳು. "ನಿಮ್ಮ ಗೋಡೆಗೆ ಒರಗಿಸಿ ಇಟ್ಟಿದ್ದೆವಲ್ಲ. ಸ್ವರ್ಣಕ್ಕನಿಗೆ ಗಿಡ ಎಂದರೆ ಪ್ರಾಣ, ನೆಡುತ್ತಾರೆ ಎಂದು ನಮ್ಮ ಮನೆಯವರು ಲೈನ್‌ಮನ್ ಹತ್ತಿರ ಹೇಳಿ ಜಾಗ್ರತೆಯಲ್ಲಿ ಕಡಿಸಿದ್ದು. ನೀವು ಕಸ ಎಂದಿರಿ."

ಇವರು ನಗಲು ಶುರುಮಾಡಿದರು. ನಕ್ಕು ನಕ್ಕು ಬಾವಿಕಟ್ಟೆ ಹಿಡಿದು ಕುಳಿತರು. ನನ್ನ ಮುಖ ಸುಟ್ಟ ಬದನೆಯಾಗಿತ್ತು. ಆದರೂ ಬೇರು ಬರಿಸಿದ್ದು ನಾನಲ್ಲವೇ ಎಂದು ಗಟ್ಟಿಯಾಗಿಯೇ ಕೇಳಿದೆ.

"ಮೂಲೆ ನಿನಗೇ ಮಾರಾಯ್ತಿ" ಎಂದರು ಇವರು ಕಣ್ಣೊರೆಸಿಕೊಳ್ಳುತ್ತ. "ಆದರೆ ಈ ಮರ ತೆಗೆಯಲಿಕ್ಕಿಲ್ಲ. ಬಂದವರಿಗೆ ನಾನು ತೋರಿಸಬೇಕು."

ಹಾಗಾಗಿ ಮೂಲೆ ಉಳಿಯಿತು, ಆದರೆ ಮಲ್ಲಿಗೆಗೆ ಜಾಗ ಉಳಿಯಲಿಲ್ಲ. ಅಷ್ಟಗಲ ಮಣ್ಣಿನಲ್ಲಿ ಆ ಮರವೇ ಕೈಕಾಲು ಚಾಚಿ ಮಲಗಿದೆ. ಸುತ್ತ ಇಂಟರ್‌ಲಾಕ್. ನೀರು ಹಾಕುವವರು ಈಗ ವಿಠಲ ಶೆಟ್ಟರೇ.

ಮೊನ್ನೆ ಮತ್ತೆ ಲೈನ್‌ಮನ್ ಬಂದಿದ್ದ. ರೊಸಾರಿಯೊ ಗೋಡೆಯ ಬಳಿ ಬಂದು, "ಹೊಸ ತುದಿ ಉಂಟು, ಬೇಕಾ?" ಎಂದು ಕೇಳಿದರು.

"ಬೇಡ" ಎಂದೆ. ಸ್ವಾಭಿಮಾನ ಎಂಬುದೊಂದು ಬೇಡವೇ?

"ಆಯಿತು" ಎಂದರು ಅವರು ಬಹಳ ಗಂಭೀರವಾಗಿ. "ಭಾನುವಾರ ನಾವಿಬ್ಬರೂ ಇಗರ್ಜಿಗೆ ಹೋಗುತ್ತೇವೆ. ಗೇಟಿಗೆ ಬೀಗ ಹಾಕುವುದಿಲ್ಲ."

ಭಾನುವಾರ ಹೋದೆ. ಹೆದರಲು ನಾನೇನು ಕಳ್ಳಿಯೇ? ಮರದ ಬುಡದಲ್ಲಿ, ನೀರು ತುಂಬಿದ ಬಕೆಟಿನಲ್ಲಿ ತುದಿ ನೆಟ್ಟಗೆ ನಿಂತಿತ್ತು. ಅದರ ಪಕ್ಕದಲ್ಲಿ ಒಂದು ಬಾಟಲಿ ತೆಂಗಿನೆಣ್ಣೆ.